ಏಳನೇ ರೀಲಿನ ಕುಂಕುಮ

"ಆಂಟಿ, ರಿಟೈರ್ ಆದ ಮ್ಯಾಲ ಸುಮ್ನ ಕುಂದ್ರಬ್ಯಾಡ್ರಿ. ಹೊಸದಾಗಿ ಸೇರೋರಿಗೆ ಓದಾಕ ನಿಮ್ಮ ಅನುಭವ ಎಲ್ಲಾ ಬರೀರಿ. ಇಂಗ್ಲಿಷಿನ್ಯಾಗ ಬರದ್ರ ನಾನ ಟೈಪ್ ಮಾಡಿ ಕೊಡ್ತೀನಿ," ಎಂದಳು ರೆಹಾನಾ. ಧಾರವಾಡದ ಹುಡುಗಿ. ದಕ್ಷಿಣ ಗೋಳದ ಈ ದ್ವೀಪದೇಶಕ್ಕೆ ಓದಲು ಬಂದು, ಓದು ಮುಗಿಸಿ, ಈಗ ಲೋವರ್ ಹಟ್‌ನ ಹಳೆಯ ಸಿನಿಮಾಗಳ ಸಂಗ್ರಹಾಲಯದಲ್ಲಿ ನಾನು ಕೂರುತ್ತಿದ್ದ ಬೆಂಚಿನಲ್ಲೇ ಕೂತಿದ್ದಾಳೆ.

"ಬರೆದರೆ ಕನ್ನಡದಲ್ಲೇ ಬರೀತೀನಿ," ಎಂದೆ.

"ಕನ್ನಡದಾಗ ಬರದ್ರ ಇಲ್ಲಿ ಯಾರ್ ಓದ್ತಾರ್ರಿ?"

"ಅದಕ್ಕೇ ಕಣೇ."

ಕಾರಣವನ್ನು ಅವಳಿಗೂ ಆಗ ಹೇಳಲಿಲ್ಲ. ಕೊನೆಯಲ್ಲಿ ಹೇಳುತ್ತೇನೆ. ಕೊಲೆಯ ಸಿನಿಮಾದ ಕಥೆ ಹೇಳಲು ಕೂತವಳು ಮೊದಲ ಪುಟದಲ್ಲೇ ಎಲ್ಲವನ್ನೂ ಕಕ್ಕಿಬಿಟ್ಟರೆ ಅದಕ್ಕೇನು ಮರ್ಯಾದೆ?

ಮೊದಲು ನಮ್ಮ ಕೆಲಸ ಏನೆಂದು ತಿಳಿಯಿರಿ. ಜನ ಹಳೆಯ ಸಿನಿಮಾ ರೀಲುಗಳನ್ನು ತಂದು ಕೊಡುತ್ತಾರೆ. ಅಟ್ಟದಲ್ಲಿದ್ದವು, ಗ್ಯಾರೇಜಿನಲ್ಲಿದ್ದವು, ಒಮ್ಮೆಯಂತೂ ಕೋಳಿಗೂಡಿನಲ್ಲಿದ್ದವು. ಅವನ್ನು ಬೆಂಚಿನ ಮೇಲೆ ಎರಡು ಚಕ್ರಗಳ ನಡುವೆ ಕೈಯಲ್ಲೇ ಸುತ್ತುತ್ತ, ಹರಿದಲ್ಲಿ ಅಂಟಿಸಿ, ಕೊಳೆ ಒರೆಸಿ, ಡಬ್ಬಕ್ಕೆ ಹಾಕಿ, ತಣ್ಣನೆಯ ಕೋಣೆಗೆ ಕಳಿಸುವುದು. ಕೇಳಿದವರೆಲ್ಲ "ಅಯ್ಯೋ ಎಷ್ಟು ಮಜಾ, ದಿನವಿಡೀ ಸಿನಿಮಾ ನೋಡ್ತೀರಿ" ಎನ್ನುತ್ತಾರೆ. ನಾವು ಸಿನಿಮಾ ನೋಡುವುದಿಲ್ಲ ಮಕ್ಕಳೇ, ಸಿನಿಮಾದ ಅಂಚು ನೋಡುತ್ತೇವೆ. ಅಂಚಿನ ತೂತು ಹರಿದಿದೆಯೇ, ಜೋಡಣೆ ಬಿಟ್ಟಿದೆಯೇ, ಅಷ್ಟೇ. ದರ್ಜಿ ಮದುವೆ ಸೀರೆಗೆ ಫಾಲ್ ಹೊಲಿದ ಹಾಗೆ. ಮದುವೆ ಯಾರದೆಂದು ಅವನಿಗೆ ಗೊತ್ತಿರಬೇಕಾಗಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನಗೆ ಈ ಕೆಲಸ ಸಿಕ್ಕಿದ್ದು ಮೂಗಿನಿಂದ. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ಎಂಜಿನಿಯರ್ ಗಂಡ ನಾಗೇಂದ್ರನ ಹಿಂದೆ ಇಲ್ಲಿಗೆ ಬಂದು, ಮಗಳನ್ನು ಶಾಲೆಗೆ ಬಿಟ್ಟು ಗೋಡೆ ನೋಡುತ್ತ ಕೂತಿದ್ದೆ. ಪತ್ರಿಕೆಯಲ್ಲಿ ಜಾಹೀರಾತು ಕಂಡು ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಇಯಾನ್ ಎಂಬ ಮೇಲಧಿಕಾರಿ ಎರಡು ಡಬ್ಬ ಮುಂದಿಟ್ಟು "ಮೂಸಿ ನೋಡಿ" ಎಂದರು. ಹಳೆಯ ಫಿಲ್ಮು ಕೆಡತೊಡಗಿದರೆ ವಿನೆಗರ್ ವಾಸನೆ ಬರುತ್ತದೆ. ಕಣ್ಣಿಗೆ ಏನೂ ಕಾಣುವ ಮೊದಲೇ ಮೂಗಿಗೆ ಗೊತ್ತಾಗಬೇಕು. ಅಮ್ಮನ ಉಪ್ಪಿನಕಾಯಿ ಜಾಡಿ ಕೆಟ್ಟಿದೆಯೋ ಇಲ್ಲವೋ ಎಂದು ಮುಚ್ಚಳ ತೆಗೆಯುವ ಮುಂಚೆ ಹೇಳುತ್ತಿದ್ದ ಮೂಗು ನನ್ನದು. "ಇದು ಚೆನ್ನಾಗಿದೆ, ಅದು ಹುಳಿಯುತ್ತಿದೆ, ನೀವು ಬೆಳಿಗ್ಗೆ ಕಿತ್ತಳೆ ತಿಂದಿದ್ದೀರಿ," ಎಂದೆ. ಕೆಲಸ ಸಿಕ್ಕಿತು. ಅಂದಿನಿಂದ ನಮ್ಮ ಮಗಳು ನನ್ನನ್ನು ಅಪ್ಪಿಕೊಂಡಾಗಲೆಲ್ಲ "ಅಮ್ಮಾ, ಯೂ ಸ್ಮೆಲ್ ಲೈಕ್ ಪಿಕಲ್" ಎಂದು ಮೂಗು ಮುಚ್ಚಿಕೊಳ್ಳತೊಡಗಿದಳು.

ಇಯಾನ್ ಒಳ್ಳೆಯ ಮನುಷ್ಯ, ಆದರೆ ಎಚ್ಚರಿಕೆಯ ಮನುಷ್ಯ. ಮಳೆ ಬರುವ ಮೊದಲು ಕೊಡೆ ಬಿಚ್ಚುವವರು. ಅವರು ಕೋಣೆಗೆ ಬಂದಾಗಲೆಲ್ಲ ನಾನು ಮೈಸೂರಿನ ಅಭ್ಯಾಸದಲ್ಲಿ ಎದ್ದು ನಿಲ್ಲುತ್ತಿದ್ದೆ, "ಸರ್" ಎನ್ನುತ್ತಿದ್ದೆ. ಎರಡು ವಾರ ನೋಡಿದ ಅವರು ನನ್ನ ಕುರ್ಚಿಯಲ್ಲೇ ಏನೋ ದೋಷವಿದೆ ಎಂದುಕೊಂಡು ಹೊಸ ಕುರ್ಚಿ ತರಿಸಿದರು. ಹೊಸದರಿಂದಲೂ ಎದ್ದು ನಿಂತೆ. ಆಗ ಅವರು ಬೆನ್ನುನೋವಿನ ವೈದ್ಯರೊಬ್ಬರ ಹೆಸರು ಕೊಟ್ಟರು. ಆಮೇಲೆ ಕೂತೇ ಇರುವುದನ್ನು ಕಲಿತೆ. ಮೊದಲ ತಿಂಗಳಲ್ಲಿ ಕುದುರೆ ರೇಸಿನ ಒಂದು ತುಂಡನ್ನು ತಲೆಕೆಳಗಾಗಿ ಅಂಟಿಸಿ, ಕುದುರೆಗಳೆಲ್ಲ ಆಕಾಶದಲ್ಲಿ ಓಡಿದ್ದೂ ಉಂಟು. ಅದು ಎಲ್ಲರೂ ಮಾಡುವ ತಪ್ಪು. ನಾನು ಹೇಳಹೊರಟಿರುವ ತಪ್ಪನ್ನು ಮಾತ್ರ ಮೈಸೂರಿನವಳೇ ಮಾಡಬೇಕು.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ರಾಸ್ ಎಂಬ ಮನುಷ್ಯ ತನ್ನ ಯೂಟ್‌ನಲ್ಲಿ, ಅಂದರೆ ಹಿಂಬದಿ ತೆರೆದ ಗಾಡಿಯಲ್ಲಿ, ಏಳು ಡಬ್ಬ ಹೇರಿಕೊಂಡು ಬಂದ. ದಕ್ಷಿಣ ದ್ವೀಪದ ಹಾರ್ನ್‌ಬಿಯಲ್ಲಿ ಗೋದಾಮು ಕೆಲಸ ಮಾಡಿಕೊಂಡಿದ್ದವನು, ಅರವತ್ತರ ಆಸುಪಾಸು. ಹಡಗಿನಲ್ಲಿ ದಾಟಿ ಬಂದಿದ್ದ. ಅವನ ಬಾಲ್ಯದ ಊರಿನ ಸಿನಿಮಾ ಹಾಲನ್ನು ಕೆಡವುವಾಗ ಅಟ್ಟದಲ್ಲಿ ಈ ಡಬ್ಬಗಳು ಸಿಕ್ಕಿದ್ದವಂತೆ.

ಅದೊಂದು ಬ್ರಿಟಿಷ್ ಪತ್ತೇದಾರಿ ಸಿನಿಮಾ, ಕಪ್ಪು ಬಿಳುಪಿನದು. ದೊಡ್ಡ ಸಿನಿಮಾದ ಜೊತೆಗೆ ಒಗ್ಗರಣೆಗೆ ಎಂದು ಅಗ್ಗದಲ್ಲಿ ತೆಗೆಯುತ್ತಿದ್ದ ಜಾತಿ. ನಾನು ಅದನ್ನು ಮಂಜಿನ ಸಿನಿಮಾ ಎಂದೇ ಕರೆಯುತ್ತೇನೆ. ಏಕೆಂದರೆ ಹಣ ಸಾಲದ ಕಡೆಯೆಲ್ಲ ಮಂಜು ತುಂಬಿದ್ದಾರೆ. ಲಂಡನ್ನಿನ ಬೀದಿ ಎಂದರೆ ಮಂಜು ಮತ್ತು ಒಂದು ದೀಪದ ಕಂಬ. ಬಂದರು ಎಂದರೆ ಅದೇ ಮಂಜು, ಅದೇ ಕಂಬ, ಜೊತೆಗೆ ಒಂದು ಹಗ್ಗ. ಮೂವರು ಶ್ರೀಮಂತರ ಮನೆಯಲ್ಲೂ ಒಂದೇ ಹೂದಾನಿ. ಸತ್ತು ಬಿದ್ದ ಮುದುಕ ಎರಡು ಸಲ ಕಣ್ಣು ಮಿಟುಕಿಸುತ್ತಾನೆ. ಅವನನ್ನು ಕೊಂದವರು ಯಾರು ಎಂಬುದೇ ಕಥೆ: ಮನೆಯ ವೈದ್ಯನೇ, ಸಾಲಗಾರ ಸೋದರಳಿಯನೇ, ಬಾಡಿಗೆಯ ಕೋಣೆಯಲ್ಲಿದ್ದ ಪಿಯಾನೋ ಮೇಷ್ಟ್ರೇ?

ರಾಸ್‌ಗೆ ಹತ್ತು ವರ್ಷವಾಗಿದ್ದಾಗ ಅಕ್ಕ ನೋಲಾ ಜೊತೆ ಆ ಹಾಲಿನಲ್ಲಿ ಈ ಸಿನಿಮಾ ನೋಡುತ್ತಿದ್ದನಂತೆ. ಅಕ್ಕನಿಗೆ ಹನ್ನೆರಡು. ಆರನೇ ರೀಲು ಮುಗಿಯುವಷ್ಟರಲ್ಲಿ ತಡೆಯಲಾರದೆ ಬೆಂಚಿನ ಮೇಲೆ ಹತ್ತಿ ನಿಂತು "ಡಾಕ್ಟರೇ ಕೊಲೆಗಾರ!" ಎಂದು ಕೂಗಿಬಿಟ್ಟ. ಹಾಲಿನ ಯಜಮಾನ ಕಿವಿ ಹಿಡಿದು ಹೊರಗೆ ಹಾಕಿದ. ಏಳನೇ ರೀಲನ್ನು ರಾಸ್ ನೋಡಲೇ ಇಲ್ಲ.

"ಅಕ್ಕನನ್ನು ಕೇಳಲಿಲ್ಲವೇ?" ಎಂದೆ.

"ಕೇಳದೆ ಇರುತ್ತೇನಾ? ಐವತ್ತು ವರ್ಷದಿಂದ ಕೇಳುತ್ತಿದ್ದೇನೆ. 'ನೀನೇ ಕೂಗಿ ಹೇಳಿದೆಯಲ್ಲ, ನಿನಗೆ ಗೊತ್ತಿರಬೇಕು' ಅಂತಾಳೆ. ಪ್ರತಿ ಕ್ರಿಸ್ಮಸ್ಸಿಗೆ ಊಟದ ಮೇಜಿನ ಆಚೆಯಿಂದ ನನ್ನ ನೋಡಿ ನಗುತ್ತಾಳೆ, ಸುಮಿ. ನಾನು ಹೇಳಿದ್ದು ಸರಿಯೋ ತಪ್ಪೋ ಅಷ್ಟು ಹೇಳಿದರೆ ಸಾಕಿತ್ತು."

ನನ್ನ ಹೆಸರು ಸುಮಿತ್ರಾ. ಇಲ್ಲಿಯವರ ಬಾಯಲ್ಲಿ ಸುಮಿ. ಆ ಮನುಷ್ಯನ ಮುಖ ನೋಡಿ ನನಗೆ ನಗುವೂ ಬಂತು, ಕರುಳೂ ಚುರುಕ್ಕೆಂದಿತು. "ದುರಸ್ತಿ ಆದ ತಕ್ಷಣ ನಿಮಗೇ ಮೊದಲ ಪ್ರದರ್ಶನ," ಎಂದು ಮಾತು ಕೊಟ್ಟೆ.

ಆರೂ ರೀಲು ಮುಗಿಸಿ ಏಳನೆಯದನ್ನು ಪರೀಕ್ಷಿಸಿದ ಮರುದಿನ ಆಯುಧಪೂಜೆ. ನಮ್ಮಪ್ಪ ಮೈಸೂರಿನ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಆ ದಿನ ಪೂಜೆ ಮಾಡದೆ ಯಂತ್ರ ಮುಟ್ಟಿದರೆ ಯಂತ್ರ ಕೈ ಕಚ್ಚುತ್ತದೆ ಎಂದು ನಂಬಿ, ನಂಬಿಸಿ ಬೆಳೆಸಿದವರು. ಬೆಳಿಗ್ಗೆ ಕೈಚೀಲಕ್ಕೆ ಕುಂಕುಮದ ಭರಣಿ ಹಾಕಿಕೊಳ್ಳುವಾಗ ನಾಗೇಂದ್ರ ನೋಡಿಬಿಟ್ಟರು.

"ಏನೇ ಅದು? ಆಫೀಸಲ್ಲಿ ಕರ್ಪೂರ ಗಿರ್ಪೂರ ಹಚ್ಚೀಯ, ಫೈರ್ ಅಲಾರಮ್ ಹೊಡ್ಕೊಳತ್ತೆ."

"ನನಗಷ್ಟೂ ಗೊತ್ತಾಗಲ್ವೇನ್ರೀ? ಬರೀ ಕುಂಕುಮ, ಒಂದು ನಿಂಬೆಹಣ್ಣು. ಊದುಬತ್ತಿ ಇದೆ, ಆದ್ರೆ ಹಚ್ಚಲ್ಲ."

"ಹಚ್ಚದೇ ಇರೋ ಊದುಬತ್ತಿ ಯಾವ ದೇವ್ರಿಗೆ?"

"ಈ ದೇಶದ ದೇವ್ರಿಗೆ, ಸೇಫ್ಟಿ ರೂಲ್ಸ್ ಇರೋ ದೇವ್ರಿಗೆ," ಎಂದು ಹೊರಟೆ.

ಇನ್ನೂ ಯಾರೂ ಬಂದಿರಲಿಲ್ಲ. ಸುತ್ತುವ ಚಕ್ರಕ್ಕೆ ಕುಂಕುಮವಿಟ್ಟೆ, ಅಂಟಿಸುವ ಯಂತ್ರಕ್ಕಿಟ್ಟೆ, ದೀಪಕ್ಕಿಟ್ಟೆ. ಮಂಜಿನ ಸಿನಿಮಾದ ಏಳು ಡಬ್ಬಗಳಿಗೂ ಇಟ್ಟೆ. ಪಕ್ಕದಲ್ಲಿ ಇನ್ನೊಂದು ಡಬ್ಬವಿತ್ತು. ಸರ್ಕಾರದ ಒಂದು ಇಲಾಖೆ ಸಿನಿಮಾ ಮಂದಿರಗಳಿಗೆಂದು ತೆಗೆಸಿದ್ದ ಕುರಿ ಸಾಕಣೆಯ ಪ್ರಚಾರಚಿತ್ರ. ಅದರ ರೀಲು ಹೊರಗೆ ತೆಗೆದಿಟ್ಟಿತ್ತು, ಡಬ್ಬ ಖಾಲಿಯಿತ್ತು. ಭೇದಭಾವ ಏಕೆಂದು ಅದಕ್ಕೂ ಒಂದು ಬೊಟ್ಟು. ಕೊನೆಗೆ ಬೆಂಚಿನ ಮೇಲಿದ್ದ ಏಳನೇ ರೀಲಿನ ಮುಂದೆ ಕೈಮುಗಿದಾಗ ಭರಣಿ ಕೈತಪ್ಪಿತು. ಅಮ್ಮ ಅರಿಶಿನಕ್ಕೆ ಸುಣ್ಣ ಬೆರೆಸಿ ಮನೆಯಲ್ಲೇ ಮಾಡಿ ಕಳಿಸಿದ್ದ ಕುಂಕುಮ ಅಷ್ಟೂ ರೀಲಿನ ಮೇಲೆ.

ಆಗಲೇ ಹೊರಗೆ ಇಯಾನ್ ಧ್ವನಿ. ಜೊತೆಗೆ ಯಾರೋ ಗಣ್ಯರು. ಕೈಗೆ ಸಿಕ್ಕ ಖಾಲಿ ಡಬ್ಬಕ್ಕೆ ಏಳನೇ ರೀಲನ್ನು ತುರುಕಿ ಮುಚ್ಚಳ ಹಾಕಿದೆ. ಬಟ್ಟೆ ತೆಗೆದುಕೊಂಡು ಬೊಟ್ಟುಗಳನ್ನೆಲ್ಲ ಬರಬರನೆ ಒರೆಸಿದೆ. ಬಾಗಿಲು ತೆರೆಯಿತು. ನಾನು ನಿಂತಿದ್ದೆ. ಇಯಾನ್ ನನ್ನ ಕುರ್ಚಿಯ ಕಡೆ ಮರುಕದಿಂದ ನೋಡಿ, "ಸುಮಿ, ಇವರಿಗೆ ತಣ್ಣನೆಯ ಕೋಣೆಗಳನ್ನು ತೋರಿಸಿ ಬಾ" ಎಂದರು.

ಒಂದು ಗಂಟೆ ಬಿಟ್ಟು ಬಂದರೆ ಬೆಂಚು ಲಕಲಕ ಹೊಳೆಯುತ್ತಿದೆ! ಇಯಾನ್ ತಾವೇ ಎಲ್ಲ ಓರಣ ಮಾಡಿ, ಡಬ್ಬಗಳನ್ನು ಒಳಗೆ ಕಳಿಸಿಬಿಟ್ಟಿದ್ದಾರೆ. ನಾನು ಕೇಳಬೇಕಿತ್ತು. ಕೇಳಿದರೆ ಕುಂಕುಮದ ಕಥೆ ಬರುತ್ತದೆ. ಹೊಸ ಕೆಲಸ, ಹೊಸ ದೇಶ. 'ಅವರೇ ಸರಿಯಾದ ಡಬ್ಬಕ್ಕೆ ಹಾಕಿರುತ್ತಾರೆ ಬಿಡು' ಎಂದು ನನಗೆ ನಾನೇ ಹೇಳಿಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು. ಪ್ರದರ್ಶನಕ್ಕೆ ಮುನ್ನ ಎಲ್ಲ ರೀಲನ್ನೂ ಮತ್ತೊಮ್ಮೆ ತೆರೆದು ನೋಡಬೇಕೆಂಬುದು ನಿಯಮ. ಆರನ್ನು ನೋಡಿದೆ. ಏಳನೆಯದನ್ನು ತೆರೆಯಲು ಕೈ ಹೆದರಿತು. ನೋಡಿದೆ ಎಂದು ಸಹಿ ಹಾಕಿದೆ.

ರಾಸ್ ಟೈ ಕಟ್ಟಿಕೊಂಡು ಬಂದ. ನಮ್ಮ ಪುಟ್ಟ ಪ್ರದರ್ಶನ ಕೋಣೆಯಲ್ಲಿ ಮೂವತ್ತು ಜನ. ನೋಲಾಳನ್ನೂ ಕರೆದಿದ್ದೆವು. ಆಕೆ ಆಕ್ಲೆಂಡಿನ ದಕ್ಷಿಣದ ತಕಾನಿನಿಯಲ್ಲಿದ್ದಳು. "ನಾನು ನೋಡಿರುವ ಸಿನಿಮಾಕ್ಕೆ ವಿಮಾನದಲ್ಲಿ ಯಾಕೆ ಬರಲಿ?" ಎಂದು ಹೇಳಿ ಕಳಿಸಿದ್ದಳು.

ಆರು ರೀಲು ಅದ್ಭುತವಾಗಿ ಓಡಿದವು. ಆರನೆಯದರ ಕೊನೆಯಲ್ಲಿ ಪತ್ತೇದಾರ ಎಲ್ಲರನ್ನೂ ಹೂದಾನಿಯ ಕೋಣೆಯಲ್ಲಿ ಸೇರಿಸುತ್ತಾನೆ. ಪೈಪು ಹಚ್ಚುತ್ತಾನೆ. "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ. ಆ ಮುಖವನ್ನು ಈಗ ನೋಡಿ!" ಎನ್ನುತ್ತಾನೆ. ರಾಸ್ ಕುರ್ಚಿಯ ತುದಿಗೆ ಬಂದ. ಏಳನೇ ರೀಲು ಶುರುವಾಯಿತು.

ಪರದೆಯ ತುಂಬ ಒಂದು ಕುರಿ.

ದೊಡ್ಡ ಮುಖ, ಗಂಭೀರ ನೋಟ. ನಮ್ಮನ್ನೇ ನೋಡುತ್ತ ಮೆಲುಕು ಹಾಕಿತು. ಆಮೇಲೆ ಹಿನ್ನೆಲೆಯಲ್ಲಿ ಒಬ್ಬ "ಆರೋಗ್ಯವಂತ ಕುರಿಯ ಲಕ್ಷಣಗಳು ಐದು" ಎಂದ. ಬಳಿಕ ರಾಸ್ ಎದ್ದು ನಿಂತು ಹೇಳಿದ: "ನಾನು ಡಾಕ್ಟರ್ ಅಂದುಕೊಂಡಿದ್ದೆ."

ಎಲ್ಲರೂ ನಕ್ಕ ನಗುವಿಗೆ ಪ್ರೊಜೆಕ್ಟರ್ ಸದ್ದೂ ಕೇಳಲಿಲ್ಲ. ಜನ ಕಣ್ಣೀರು ಒರೆಸಿಕೊಂಡರು. ನಾನೂ ನಕ್ಕೆ. ಹೊರಗೆ ಹೋಗುವಾಗ ರಾಸ್ ನನ್ನ ಕೈಹಿಡಿದು "ಪರವಾಗಿಲ್ಲ ಸುಮಿ, ಐವತ್ತು ವರ್ಷ ಕಾದವನು" ಎಂದ. ಅವನ ಟೈ ನೋಡಿ ನನಗೆ ಅಳು ಬಂತು.

ಇಯಾನ್ ದಾಖಲೆಯಲ್ಲಿ ಬರೆದರು: "ಏಳನೇ ರೀಲು ನಮ್ಮಲ್ಲಿಗೆ ಬರುವ ಮುಂಚೆಯೇ ಕಳೆದಿದೆ. ಸಿನಿಮಾ ಹಾಲಿನ ಯಜಮಾನನ ನಿರ್ಲಕ್ಷ್ಯ." ನಮ್ಮ ಪರೀಕ್ಷೆಯ ಹಾಳೆಯಲ್ಲಿ ಎಷ್ಟು ಜೋಡಣೆ, ಎಷ್ಟು ಹರುಕು ಎಂದಷ್ಟೇ ಇರುತ್ತದೆ, ಕುರಿಯೋ ಕೊಲೆಯೋ ಎಂದು ಬರೆಯುವುದಿಲ್ಲ. ಹಾಗಾಗಿ ನನ್ನ ಮೇಲೆ ಸಂಶಯವೇ ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಎಷ್ಟು ದಿನ ಹೆಗಲು ಮುಟ್ಟಿಕೊಂಡೆನೋ! ಏನೂ ಅರಿಯದ, ಎಂದೋ ತೀರಿಕೊಂಡ ಯಜಮಾನನ ತಲೆಗೆ ನನ್ನ ತಪ್ಪನ್ನು ಕಟ್ಟಿದಂತಾಯಿತು.

ಕುರಿಯ ರೀಲು ಏಳನೇ ಡಬ್ಬದಲ್ಲಿದ್ದರೆ ಏಳನೇ ರೀಲು ಕುರಿಯ ಡಬ್ಬದಲ್ಲಿರಬೇಕು. ಇಷ್ಟು ಸುಲಭ ಎಂದುಕೊಂಡು ಕುರಿಯ ಕಪಾಟಿಗೆ ಹೋದೆ. ಆ ಇಲಾಖೆಯವರು ಕೊಟ್ಟ ಕುರಿಗಳ ಸಂಖ್ಯೆ ನೋಡಿ ತಲೆ ತಿರುಗಿತು. ಎಲ್ಲ ಡಬ್ಬವೂ ಬೂದು, ಎಲ್ಲದರ ಚೀಟಿಯೂ ಒಂದೇ ಥರ. ಊಟದ ವಿರಾಮದಲ್ಲಿ ಒಂದು ಕೈಯಲ್ಲಿ ಚಪಾತಿ ಸುರುಳಿ, ಇನ್ನೊಂದು ಕೈಯಲ್ಲಿ ಡಬ್ಬ. ಉಣ್ಣೆ ಕತ್ತರಿಸಿಕೊಳ್ಳುವ ಕುರಿ, ಸ್ನಾನ ಮಾಡುವ ಕುರಿ, ನಾಯಿಗೆ ಹೆದರದ ಕುರಿ. ಕೊನೆಯ ಡಬ್ಬ ಮುಗಿಸುವ ಹೊತ್ತಿಗೆ ನಾನು ಈ ದೇಶದ ಯಾವುದೇ ರೈತನಿಗೆ ಪಾಠ ಹೇಳಬಲ್ಲವಳಾಗಿದ್ದೆ. ಏಳನೇ ರೀಲು ಮಾತ್ರ ಇರಲಿಲ್ಲ.

ಪ್ರತಿ ಕ್ರಿಸ್ಮಸ್ ಮರುದಿನ ರಾಸ್ ಫೋನ್ ಮಾಡುತ್ತಿದ್ದ. "ಸುಮಿ, ಸಿಕ್ಕಿಬಿದ್ದನಾ?" "ಇನ್ನೂ ತಲೆಮರೆಸಿಕೊಂಡಿದ್ದಾನೆ, ರಾಸ್." "ನೋಲಾ ಈ ಸಲವೂ ನಕ್ಕಳು." ಇಬ್ಬರೂ ನಗುತ್ತಿದ್ದೆವು. ಫೋನ್ ಇಟ್ಟ ಮೇಲೆ ನಾನು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. ನಾಗೇಂದ್ರ "ಹೇಳ್ಬಿಡೇ, ಇಷ್ಟು ವರ್ಷದ ಮೇಲೆ ಯಾರೂ ನೇಣಿಗೆ ಹಾಕಲ್ಲ" ಎನ್ನುತ್ತಿದ್ದರು. ಹೇಳಬೇಕೆಂದು ನಿರ್ಧರಿಸಿದಾಗಲೆಲ್ಲ ಇಯಾನ್ ಏನಾದರೂ ಹೊಗಳಿಬಿಡುತ್ತಿದ್ದರು.

ವರ್ಷಗಳು ಉರುಳಿದವು. ನಾನು ಕೈಯಲ್ಲಿ ಸುತ್ತುತ್ತಿದ್ದದ್ದನ್ನು ಸ್ಕ್ಯಾನರ್ ತಾನೇ ಸುತ್ತತೊಡಗಿತು. ಒಂದೊಂದೇ ಚೌಕವನ್ನು ಫೋಟೋ ಹಿಡಿದು ಕಂಪ್ಯೂಟರಿಗೆ ಕೊಡುತ್ತದೆ. ಹರುಕನ್ನು ಮೌಸ್‌ನಿಂದ ಒರೆಸುತ್ತಾರೆ. ಮೂಗಿನ ಬದಲು ಡಬ್ಬದಲ್ಲಿ ಬಣ್ಣ ಬದಲಾಗುವ ಕಾಗದದ ಚೂರು ಇಡುತ್ತಾರೆ. ಫಿಲ್ಮು ಹುಳಿಯುತ್ತಿದ್ದರೆ ನೀಲಿ ಕಾಗದ ಹಳದಿಗೆ ತಿರುಗುತ್ತದೆ. ಮೊದಲು ಮುನಿಸಿಕೊಂಡೆ, ಕಾಗದಕ್ಕೆ ನೆಗಡಿಯಾಗುವುದಿಲ್ಲವಲ್ಲ ಎಂದು ಆಮೇಲೆ ಒಪ್ಪಿದೆ. ಇಯಾನ್ ನಿವೃತ್ತರಾಗಿ ಸಮುದ್ರದ ಪಕ್ಕದ ತಮ್ಮ ಬ್ಯಾಚ್‌ಗೆ, ಅಂದರೆ ರಜೆಯ ಗುಡಿಸಲಿಗೆ, ಹೋದರು. ರೆಹಾನಾ ಬಂದಳು.

ನನ್ನ ಕೊನೆಯ ತಿಂಗಳು. ರಾಸ್ ಕ್ರಿಸ್ಮಸ್ಸಿಗೆ ಕಾಯದೆ ಫೋನ್ ಮಾಡಿದ. "ಸುಮಿ, ನನ್ನ ಕಣ್ಣು ಹೋಗುತ್ತಿದೆ. ನಡುವೆ ಏನೂ ಕಾಣುವುದಿಲ್ಲ, ಅಂಚು ಮಾತ್ರ ಕಾಣುತ್ತದೆ."

"ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಕಣ್ಣು," ಎಂದುಬಿಟ್ಟೆ. ಅವನು ಗಹಗಹಿಸಿ ನಕ್ಕ. ಬಳಿಕ, "ಆ ಅಂಚೂ ಬಹಳ ದಿನ ಇರುವುದಿಲ್ಲವಂತೆ. ಅವನು ಸಿಗುವುದಾದರೆ ಈಗ ಸಿಗಬೇಕು," ಎಂದ. ನನಗೆ ಅಂದು ಊಟ ಸೇರಲಿಲ್ಲ.

ಅದೇ ವಾರ ರೆಹಾನಾಗೆ ಪ್ರತ್ಯೇಕ ಕೋಣೆಯನ್ನು ಖಾಲಿ ಮಾಡಿಸುವ ಕೆಲಸ ಬಂದಿತ್ತು. ಬೂಷ್ಟು ಹಿಡಿದ ರೀಲುಗಳು ಇತರ ರೀಲುಗಳಿಗೆ ಅದನ್ನು ಅಂಟಿಸದಿರಲೆಂದು ಇನ್ನೊಂದು ಕಟ್ಟಡದಲ್ಲಿ ಇಡುವ ಕೋಣೆ ಅದು. ನಮ್ಮಲ್ಲೇ ಅತ್ಯಂತ ತಣ್ಣನೆಯದು. ಅಲ್ಲಿನ ಡಬ್ಬಗಳಿಗೆ ಹೆಸರಿಲ್ಲ, ಬರೀ ನಂಬರು. ಅವಳು ದಪ್ಪ ಕಾಗದದಲ್ಲಿ ಸುತ್ತಿದ ಒಂದು ಡಬ್ಬವನ್ನು ಗ್ಲೌಸು, ಮುಖಗವಸು ಹಾಕಿಕೊಂಡು ತಂದು ನನ್ನ ಮುಂದಿಟ್ಟಳು.

"ಆಂಟಿ, ಇದಕ್ಕ ಇಯಾನ್ ಅವ್ರು 'ಗುರುತು ಸಿಗದ ಕೆಂಪು ಬೂಷ್ಟು, ಅಪಾಯ, ತೆರೀಬಾರದು' ಅಂತ ಬರದಾರ. ನಾ ತೆರದೆ. ನನಗ ಬೂಷ್ಟು ಅನ್ಸವಲ್ದು ನೋಡ್ರಿ. ನಮ್ಮ ಬಾಜೂ ಮನಿ ಕಾಕು ದಸರಾದಾಗ ನಮ್ಮಪ್ಪನ ಸ್ಕೂಟರಿಗೂ ಹಚ್ತಿದ್ರು. ಇದು ಕುಂಕುಮ ಅಲ್ಲೇನ್ರಿ?"

ನಾನು ಎದ್ದು ನಿಂತೆ. ಇಪ್ಪತ್ತು ವರ್ಷದ ಮೇಲೆ ಮತ್ತೆ ಎದ್ದು ನಿಂತೆ.

"ನಿಂಬೆಹಣ್ಣು ತಾರೇ," ಎಂದೆ. ಅಡುಗೆಮನೆಯಿಂದ ತಂದಳು. ಒಂದು ಚಿಟಿಕೆ ಕೆಂಪನ್ನು ಬಿಳಿ ತಟ್ಟೆಗೆ ಉದುರಿಸಿ ಒಂದು ಹನಿ ಹಿಂಡಿದೆ. ಹಳದಿಯಾಯಿತು. ಸುಣ್ಣದಿಂದ ಕೆಂಪಾದ ಅರಿಶಿನ ಹುಳಿ ಬಿದ್ದರೆ ಮತ್ತೆ ಅರಿಶಿನವೇ. ಬೂಷ್ಟಿಗೆ ಆ ಬುದ್ಧಿ ಇಲ್ಲ. ಆಗ ನನ್ನ ರಸಾಯನಶಾಸ್ತ್ರ ಪೂರ್ತಿ ಎಚ್ಚರವಾಯಿತು. ರೀಲಿನ ಮೇಲಿನ ಕುಂಕುಮ ಇಷ್ಟು ವರ್ಷವಾದರೂ ಕೆಂಪಾಗಿಯೇ ಇದೆ ಎಂದರೆ ಅಲ್ಲಿ ಹುಳಿ ಹುಟ್ಟಿಯೇ ಇಲ್ಲ! ಉಳಿದ ಆರು ರೀಲು ಮೆಲ್ಲಗೆ ಕೆಟ್ಟು, ಹೇಗೋ ಸ್ಕ್ಯಾನ್ ಆಗಿ ಬದುಕಿದ್ದವು. ಇದು ಅತ್ಯಂತ ತಣ್ಣನೆಯ ಕೋಣೆಯಲ್ಲಿ, ಯಾರೂ ಮುಟ್ಟದೆ, ಮದುಮಗಳ ಹಾಗೆ ಕುಂಕುಮವಿಟ್ಟುಕೊಂಡು ಕೂತಿತ್ತು. ರೆಹಾನಾಳನ್ನು ತಬ್ಬಿಕೊಂಡು ಬೆಂಚಿನ ಸುತ್ತ ಒಂದು ಸುತ್ತು ಕುಣಿದೆ. ಮಂಡಿ ನೋವಿತ್ತು, ಆಮೇಲೆ ನೆನಪಾಯಿತು.

"ಅಲ್ರೀ ಆಂಟಿ, ಪಟ್ಟಿಯೊಳಗ ಈ ನಂಬರು ಕುರಿ ಸಿನಿಮಾದ್ದು ಅಂತೈತಿ. ಕುರಿ ಡಬ್ಬದಾಗ ಕುಂಕುಮ ಹೆಂಗ ಬಂತು?"

ಆಗ ಮನೆಯಾಚೆ ಮೊದಲ ಸಲ ಬಾಯಿಬಿಟ್ಟು ಎಲ್ಲ ಹೇಳಿದೆ. ಅಂದು ಓರಣ ಮಾಡುವಾಗ ಇಯಾನ್ ಕುರಿಯ ಡಬ್ಬ ತೆರೆದು, ಕೆಂಪನ್ನು ಬೂಷ್ಟೆಂದುಕೊಂಡು ಈ ಕೋಣೆಗೆ ಕಳಿಸಿ, ಹೊರಗಿದ್ದ ಕುರಿಯ ರೀಲನ್ನು ಖಾಲಿಯಿದ್ದ ಏಳನೇ ಡಬ್ಬಕ್ಕೆ ಹಾಕಿರಬೇಕು. ಅವಳು ನಕ್ಕು ನಕ್ಕು ನೆಲದ ಮೇಲೆ ಕೂತಳು. ನಗು ನಿಂತ ಮೇಲೆ ಒಂದೇ ಮಾತು ಅಂದಳು: "ಅವತ್ತ ಹೇಳಿದ್ರ ಇಯಾನ್ ಅವ್ರಿಗೆ ಈ ಕೆಂಪು ಕಂಡ ಕೂಡ್ಲೇ ಗೊತ್ತಾಗ್ತಿತ್ತಲ್ರಿ." ಸರಿಯಾದ ಮಾತು. ರೀಲು ಕಳೆದದ್ದು ಕುಂಕುಮದಿಂದಲ್ಲ, ನನ್ನ ಮೌನದಿಂದ.

ಇಯಾನ್‌ಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಹಿಂದೆ ಸಮುದ್ರದ ಸದ್ದು.

"ಪೂಜೆಗೆ ನನಗೇನೂ ಬೇಸರವಿಲ್ಲ, ಸುಮಿ. ಆದರೆ ಆ ಹಾಲಿನ ಯಜಮಾನನನ್ನು ನಿರ್ಲಕ್ಷ್ಯದವನು ಅಂತ ನನ್ನ ಕೈಯಲ್ಲಿ ಬರೆಸಿದೆಯಲ್ಲ. ಅದಕ್ಕೆ ಬೇಸರ. ಮೊದಲು ಅದನ್ನು ತಿದ್ದು."

"ತಿದ್ದಿಯೇ ನಿಮಗೆ ಫೋನ್ ಮಾಡಿದ್ದು, ಸರ್."

"ಮತ್ತೆ ಸರ್ ಅಂದೆ. ಎದ್ದು ನಿಂತಿದ್ದೀಯಾ?"

ನಿಂತಿದ್ದೆ.

ರಾಸ್‌ಗೆ ಹೇಳಲು ಹೆಚ್ಚು ಧೈರ್ಯ ಬೇಕಾಯಿತು. "ಇಪ್ಪತ್ತು ವರ್ಷ ನನ್ನ ಕೊಲೆಗಾರನನ್ನು ನಿನ್ನ ಜೈಲಿನಲ್ಲೇ ಇಟ್ಟುಕೊಂಡು, ಪ್ರತಿ ಕ್ರಿಸ್ಮಸ್ಸಿಗೆ ತಲೆಮರೆಸಿಕೊಂಡಿದ್ದಾನೆ ಅಂದೆಯಾ?" ಎಂದ. ಆಗ ಅತ್ತ ಕಡೆಯಿಂದ ಆ ಗಹಗಹ ನಗು. "ಆ ಕೆಂಪನ್ನು ಪೂರ್ತಿ ಒರೆಸಬೇಡ. ನನ್ನ ಸಿನಿಮಾಕ್ಕೆ ಯಾರೂ ಪೂಜೆ ಮಾಡಿರಲಿಲ್ಲ."

ಈ ಸಲ ನೋಲಾ ಬಂದಳು. ಎಂಬತ್ತು ದಾಟಿದ, ಲಿಪ್‌ಸ್ಟಿಕ್ ಹಚ್ಚಿದ, ನೆಟ್ಟಗೆ ನಿಲ್ಲುವ ಹೆಂಗಸು. "ಇವನಿಗೆ ಕಣ್ಣು ಕಾಣದು. ಪಕ್ಕದಲ್ಲಿ ಕೂತು ಹೇಳುವವರು ಬೇಡವೇ?" ಎಂದಳು. ತಮ್ಮ ಅವಳ ಬಲಕ್ಕೆ, ನಾನು ಎಡಕ್ಕೆ. ಆರು ರೀಲು ಮುಗಿಯುವವರೆಗೂ ತಮ್ಮನ ಕಿವಿಯಲ್ಲಿ ಪಿಸುಗುಟ್ಟುತ್ತಲೇ ಇದ್ದಳು: ಈಗ ಸೋದರಳಿಯ ಬಂದ, ಈಗ ಮಂಜು, ಮತ್ತೆ ಮಂಜು. ಪತ್ತೇದಾರ ಪೈಪು ಹಚ್ಚಿ "ಆ ಮುಖವನ್ನು ಈಗ ನೋಡಿ!" ಎಂದ. ಪರದೆಯ ಮೇಲೆ ಮೂರು ಕೆಂಪು ಚುಕ್ಕೆ ಮಿಂಚಿ ಹೋದವು. ಏಳನೇ ರೀಲು.

ರಾಸ್ ಎದ್ದು ನಿಂತ. ಎಪ್ಪತ್ತು ವರ್ಷದ ಹಿಂದಿನ ಧ್ವನಿಯಲ್ಲೇ "ಡಾಕ್ಟರೇ ಕೊಲೆಗಾರ!" ಎಂದು ಕೂಗಿದ. ಕೋಣೆಯೆಲ್ಲ ಚಪ್ಪಾಳೆ. ಯಾರೂ ಅವನ ಕಿವಿ ಹಿಡಿಯಲಿಲ್ಲ.

ಕೊಲೆಗಾರ ಡಾಕ್ಟರ್ ಅಲ್ಲ. ಮೊದಲ ರೀಲಿನಿಂದ ಎಲ್ಲರಿಗೂ ಚಹಾ ತಂದುಕೊಡುತ್ತಿದ್ದ, ಯಾರೂ ಮುಖವನ್ನೂ ನೋಡದ ಮನೆಗೆಲಸದ ಹೆಂಗಸು. ಅವಳು ತಟ್ಟೆ ಕೆಳಗಿಟ್ಟು, ಏಪ್ರನ್ ಬಿಚ್ಚಿ ಮಡಿಸಿ, ಶಾಂತವಾಗಿ ಮುಂದೆ ಬಂದಳು. ರಾಸ್ "ತಪ್ಪು ಹೇಳಿದ್ದೆ! ಎಪ್ಪತ್ತು ವರ್ಷ ತಪ್ಪು ಹೇಳಿದ್ದೆ!" ಎಂದು ಮಗುವಿನ ಹಾಗೆ ಕೇಕೆ ಹಾಕುತ್ತಿದ್ದ. ಆ ಗಲಾಟೆಯಲ್ಲಿ ಅವನಿಗೆ ಕೇಳಿಸದ್ದು ನನಗೆ ಕೇಳಿಸಿತು. ನೋಲಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಉಸಿರೆಳೆದಳು: "ಅಯ್ಯೋ ದೇವರೇ, ಅವಳಾ!"

ನಾನು ಅವಳನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಇಬ್ಬರು ಕಳ್ಳರಿಗೆ ಪರಸ್ಪರ ಗುರುತು ಸಿಗಲು ಎಷ್ಟು ಹೊತ್ತು ಬೇಕು?

ಆಮೇಲೆ ರಾಸ್‌ಗೆ ರೆಹಾನಾ ಸ್ಕ್ಯಾನರ್ ತೋರಿಸಲು ಹೋದಾಗ, ಚಹಾದ ಮೇಜಿನ ಬಳಿ ನೋಲಾ ತಾನಾಗಿಯೇ ಹೇಳಿದಳು. "ಅಂದು ಇವನನ್ನು ಹೊರಗೆ ಹಾಕಿದ ತಕ್ಷಣ ನಾನೂ ಎದ್ದು ಬಂದೆ. ತಮ್ಮನನ್ನು ಒಂಟಿಯಾಗಿ ಬಿಡಬೇಡ ಅಂತ ಅಮ್ಮ ಹೇಳಿದ್ದಳು. ಇವನು ಸೈಕಲ್ ನಿಲ್ಲಿಸುವ ಕಡೆ ಕೂತು ಅಳುತ್ತಿದ್ದ. ಹತ್ತು ವರ್ಷದ ಗಂಡು ಹುಡುಗ. ಅಕ್ಕ ನೋಡಿದಳು ಅಂತ ಗೊತ್ತಾದರೆ ಸತ್ತೇ ಹೋಗುತ್ತಿದ್ದ. ಗೋಡೆಯ ಮೂಲೆಯಲ್ಲಿ ನಿಂತು ಕಾದೆ. ಸಿನಿಮಾ ಬಿಟ್ಟಾಗ ಜನರ ನಡುವೆ ಸೇರಿಕೊಂಡು ಹೊರಗೆ ಬಂದವಳ ಹಾಗೆ ಬಂದೆ. 'ಯಾರು? ಯಾರು?' ಅಂದ. ಏನು ಹೇಳಲಿ? ನನಗೂ ಗೊತ್ತಿರಲಿಲ್ಲ. ನಕ್ಕೆ."

"ಎಪ್ಪತ್ತು ವರ್ಷ?"

"ನಕ್ಕ ಮೇಲೆ ನಿಲ್ಲಿಸುವುದು ಹೇಗೆ?"

ನಾನು ನನ್ನ ಮಾನ ಉಳಿಸಿಕೊಳ್ಳಲು ಇಪ್ಪತ್ತು ವರ್ಷ ಬಾಯಿ ಮುಚ್ಚಿದ್ದೆ. ಇವಳು ತಮ್ಮನ ಮಾನ ಉಳಿಸಲು ಎಪ್ಪತ್ತು ವರ್ಷ ಮುಚ್ಚಿದ್ದಳು. ನನ್ನ ಗುಟ್ಟು ಬಯಲಾಗಬೇಕಿತ್ತು. ಅವಳದು ಹಾಗಲ್ಲ. "ನನ್ನಿಂದ ರಾಸ್‌ಗೆ ಎಂದೂ ಗೊತ್ತಾಗುವುದಿಲ್ಲ," ಎಂದು ಮಾತು ಕೊಟ್ಟೆ.

ಅಷ್ಟರಲ್ಲಿ ರಾಸ್ ಗೋಡೆ ತಡವುತ್ತ ಬಂದ. "ನೋಲಾ! ಮನೆಗೆಲಸದವಳು ಅಂತ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?"

"ನೀನು ಒಳ್ಳೆ ಮಾತಲ್ಲಿ ಕೇಳಲೇ ಇಲ್ಲ," ಎಂದು ನೋಲಾ ಬಿಸ್ಕತ್ತನ್ನು ಚಹಾಕ್ಕೆ ಅದ್ದಿ ಅವನ ಕೈಗಿಟ್ಟಳು.

ಹೊಸದಾಗಿ ಕೆಲಸಕ್ಕೆ ಸೇರುವವರೇ, ಡಬ್ಬ ತೆರೆಯದೆ ಸಹಿ ಹಾಕಬೇಡಿ. ಕುಂಕುಮ ಇಡುವುದಾದರೆ ಹೇಳಿ ಇಡಿ. ಈ ಬರಹವನ್ನೆಲ್ಲ ರೆಹಾನಾ ಬೆಂಚಿನ ಮೇಲಿನ ಗೋಡೆಗೆ ಅಂಟಿಸುತ್ತಾಳಂತೆ. ರಾಸ್ ಈಗ ಹಡಗಿನಲ್ಲಿ ದಾಟಿ ತಿಂಗಳಿಗೊಮ್ಮೆ ಬರುತ್ತಾನೆ. ಗೋಡೆಯ ಮೇಲಿರುವುದನ್ನೆಲ್ಲ ಕಣ್ಣಿನ ಅಂಚನ್ನು ತಾಗಿಸಿ ತಾಗಿಸಿ ಓದುವ ಚಟ ಅವನಿಗೆ. ಓದಿಕೊಳ್ಳಲಿ. ಅವನಿಗೆ ಕನ್ನಡ ಬರುವುದಿಲ್ಲ. ಬರುವವರು ದಯವಿಟ್ಟು ಬಾಯಿ ಬಿಡಬೇಡಿ.